ನೀನು ಹೋಗಿ ಬಾ

ಚಿಕ್ಕಪೇಟೆಯಲ್ಲಿ ಹುಟ್ಟಿ ಬೆಳೆದವನಿಗೆ ಬೆಟ್ಟವೆಂದರೆ ದೂರದ ಮಾತು. ನಮ್ಮ ಬೀದಿಗಳಲ್ಲಿ ಆಕಾಶವೇ ಒಂದು ಗಜ ಅಗಲ. ಅದೂ ಎರಡು ಸಾಲು ಮಹಡಿಗಳ ನಡುವೆ, ಅಂಗಡಿಯ ಫಲಕಗಳು, ತಂತಿಗಳು ಇವುಗಳ ಸಂದಿಯಲ್ಲಿ ಉಳಿಕೆಯ ತುಂಡುಬಟ್ಟೆಯಂತೆ ಕಾಣುತ್ತದೆ. ಬಾಲ್ಯದಲ್ಲಿ ನಾನು ಏರಿದ್ದ ಅತಿ ಎತ್ತರದ ಸ್ಥಳವೆಂದರೆ ಬಸವನಗುಡಿಯ ಕಹಳೆ ಬಂಡೆ. ಕಡಲೆಕಾಯಿ ಪರಿಷೆಗೆ ಹೋದಾಗ ಅದನ್ನು ಹತ್ತಿ ನಿಂತು, ಹಿಮಾಲಯವನ್ನೇ ಗೆದ್ದವರಂತೆ ಕೈ ಬೀಸುತ್ತಿದ್ದೆವು.

ಹಾಗೆಂದು ಬೆಂಗಳೂರಿನ ಸುತ್ತ ಬೆಟ್ಟಗಳಿಗೆ ಬರವಿಲ್ಲ. ಉತ್ತರಕ್ಕೆ ನಂದಿ, ಪಶ್ಚಿಮಕ್ಕೆ ಸಾವನದುರ್ಗ, ನೈಋತ್ಯಕ್ಕೆ ರಾಮನಗರದ ಬಂಡೆಗಳು, ವಾಯವ್ಯಕ್ಕೆ ಶಿವಗಂಗೆ. ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಹೊರಟರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದು. ದೊಡ್ಡ ಊರುಗಳ ಜನಕ್ಕೆ ಎಲ್ಲೆಲ್ಲಿಯೂ ಇದೊಂದು ಹಸಿವು ಇರುವಂತೆ ತೋರುತ್ತದೆ. ಜಪಾನಿನ ಟೋಕಿಯೋ ನಗರದವರು ರಜಾದಿನದಲ್ಲಿ ರೈಲು ಹತ್ತಿ ತಕಾವೊ ಎಂಬ ಬೆಟ್ಟಕ್ಕೆ ಸಾಲುಗಟ್ಟಿ ಹೋಗುತ್ತಾರೆ. ಅದರ ಎತ್ತರ 599 ಮೀಟರ್. ನಮ್ಮ ಚಿಕ್ಕಪೇಟೆಯ ನೆಲವೇ ಸಮುದ್ರಮಟ್ಟದಿಂದ ಅದಕ್ಕಿಂತ ಮೇಲಿದೆ! ಆದರೆ ಎತ್ತರವಲ್ಲ ಮುಖ್ಯ. ವಾರವೆಲ್ಲ ಚಪ್ಪಟೆಯಾಗಿ ಬದುಕಿದವನಿಗೆ ಒಂದು ದಿನವಾದರೂ ಏರಬೇಕೆನಿಸುತ್ತದೆ.

ನನಗೂ ಹಾಗೆ ಅನ್ನಿಸಿ, ಕಳೆದ ವರ್ಷ ಮಾಘಮಾಸದ ಒಂದು ಭಾನುವಾರ ಶಿವಗಂಗೆಗೆ ಹೊರಟೆ. ಅಣ್ಣನೂ ಜೊತೆಗೆ ಬಂದರು. ಆ ದಿನ ನಡೆದದ್ದು ಸಣ್ಣ ಸಂಗತಿ. ಆದರೆ ಅದು ನನ್ನ ಮುಂದಿಟ್ಟ ಪ್ರಶ್ನೆ ಅಷ್ಟು ಸಣ್ಣದಲ್ಲ. ಅದನ್ನು ಓದುಗರ ಮುಂದೆಯೂ ಇಡಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಅಣ್ಣನ ವಿಚಾರ ಎರಡು ಮಾತು. 1973ರಲ್ಲಿ ನಮ್ಮ ತಂದೆ ತೀರಿಕೊಂಡಾಗ ಅಣ್ಣನಿಗೆ ಹದಿನೆಂಟು, ನನಗೆ ಎಂಟು. ಅವರು ಪಿ.ಯು.ಸಿ. ಮುಗಿಸಿ ಇಂಜಿನಿಯರಿಂಗ್ ಓದುವ ಆಸೆ ಇಟ್ಟುಕೊಂಡಿದ್ದವರು. ಹದಿಮೂರು ದಿನ ಕಳೆದ ಮಾರನೆಯ ಬೆಳಗ್ಗೆ ಅಂಗಡಿಯ ಬಾಗಿಲು ತೆಗೆದು, ತಂದೆ ಕೂರುತ್ತಿದ್ದ ಗಾದಿಯ ಮೇಲೆ ಕೂತರು. ಅಂದಿನಿಂದ ರವಿಕೆ ಕಣ ಅಳೆಯುತ್ತ, ಗಿರಾಕಿಗಳ ಮುಂದೆ ಸೀರೆ ಹರಡಿ ಮತ್ತೆ ಮಡಿಸುತ್ತ ಅವರ ಆಯುಸ್ಸು ಕಳೆಯಿತು. ನಾನು ಓದಿದೆ. 1986ರಲ್ಲಿ ಮೈಸೂರಿನ ಮಾನಸಗಂಗೋತ್ರಿಗೆ ಎಂ.ಎ.ಗೆ ಹೊರಟಾಗ, ಮನೆಯಲ್ಲಿ ಹಣದ ಅಡಚಣೆ ಇತ್ತು. ನಾನು ಅನುಮಾನಿಸುತ್ತ ನಿಂತಿದ್ದೆ. ಅಣ್ಣ ಖಾತೆ ಪುಸ್ತಕದಿಂದ ತಲೆ ಎತ್ತದೆ, “ನೀನು ಹೋಗಿ ಬಾ. ಇಲ್ಲಿ ನಾನಿದ್ದೀನಿ” ಎಂದರು. ಹೋದೆ. ಅಧ್ಯಾಪಕನಾದೆ. ಊರೂರು ಸುತ್ತಿದೆ. ಈಚೆಗೆ ನಿವೃತ್ತನಾಗಿ ಅಣ್ಣನ ಮನೆಯ ಹತ್ತಿರವೇ ಮನೆ ಮಾಡಿಕೊಂಡಿದ್ದೇನೆ.

ಶಿವಗಂಗೆಗೆ ಬೆಂಗಳೂರಿನಿಂದ ಸುಮಾರು 55 ಕಿಲೋಮೀಟರ್ ದಾರಿ. ತುಮಕೂರಿನ ಬಸ್ಸಿನಲ್ಲಿ ಕೂತು ದಾಬಸ್‌ಪೇಟೆಯಲ್ಲಿ ಇಳಿದೆವು. ಅಲ್ಲಿಂದ ಆಟೋದಲ್ಲಿ ಬೆಟ್ಟದ ಬುಡ ಮುಟ್ಟಿದಾಗ ಒಂಬತ್ತು ಗಂಟೆ. ಈ ಬೆಟ್ಟ ಪೂರ್ವದಿಂದ ಬಸವನಂತೆ, ಪಶ್ಚಿಮದಿಂದ ಗಣಪತಿಯಂತೆ, ದಕ್ಷಿಣದಿಂದ ಲಿಂಗದಂತೆ, ಉತ್ತರದಿಂದ ಸರ್ಪದಂತೆ ಕಾಣುತ್ತದೆಂದು ಹೇಳುವುದುಂಟು. ಅಣ್ಣ ತಲೆ ಎತ್ತಿ ನೋಡಿ, “ನನಗೆ ಮೂಟೆ ಥರ ಕಾಣ್ತದಪ್ಪ” ಎಂದರು. ಅವರು ಜೀವಮಾನವೆಲ್ಲ ಕಂಡದ್ದು ಬಟ್ಟೆಯ ಮೂಟೆಗಳನ್ನೇ ತಾನೆ!

ಗಂಗಾಧರೇಶ್ವರನ ಗುಹಾಲಯಕ್ಕೆ ಹೋಗಿ ಕೈಮುಗಿದೆವು. ಅಲ್ಲಿ ಲಿಂಗಕ್ಕೆ ಸವರಿದ ತುಪ್ಪ ಬೆಣ್ಣೆಯಾಗುತ್ತದೆಂದು ಭಕ್ತರ ನಂಬಿಕೆ. ಅಲ್ಲಿಂದ ಮುಂದಕ್ಕೆ ಮೆಟ್ಟಿಲುಗಳ ದಾರಿ. ಕೋತಿಗಳ ಉಪದ್ರವ ಹೇಳತೀರದು. ಕೈಯಲ್ಲಿ ಚೀಲವಿದ್ದವನ ಹಿಂದೆ ಸಾಲಗಾರರಂತೆ ಬೀಳುತ್ತವೆ. ನಿಂತು ನಿಂತು, ಸೌತೆಕಾಯಿ ಮಾರುವವರೊಡನೆ ಮಾತಾಡುತ್ತ, ಒಳಕಲ್ಲು ತೀರ್ಥದವರೆಗೆ ಬಂದೆವು.

ಒಳಕಲ್ಲು ತೀರ್ಥವನ್ನು ನೋಡದವರಿಗಾಗಿ ಒಂದು ಮಾತು. ದೊಡ್ಡ ಬಂಡೆಯ ಅಡಿಯಲ್ಲಿ ಒರಳಿನ ಹಾಗೆ ಒಂದು ಕುಳಿ. ಬಗ್ಗಿ ತೋಳು ಪೂರ್ತಿ ಇಳಿಬಿಟ್ಟರೆ ಕೆಳಗಿನ ನೀರು ಬೆರಳಿಗೆ ತಾಗಬಹುದು, ತಾಗದೆಯೂ ಇರಬಹುದು. ಪುಣ್ಯವಂತರಿಗೆ ಮಾತ್ರ ನೀರು ಸಿಗುತ್ತದೆಂದು ಪ್ರತೀತಿ. ನಾನು ಕೈಯಿಟ್ಟೆ. ನೀರು ಸಿಕ್ಕಿತು. ಓದಿದವನಾದರೂ ಒಳಗೊಳಗೇ ಹಿಗ್ಗಿದೆನೆಂದು ಒಪ್ಪಿಕೊಳ್ಳಬೇಕು. ಅಣ್ಣನಿಗೆ ಮಂಡಿನೋವು, ಸರಿಯಾಗಿ ಬಗ್ಗಲಾಗಲಿಲ್ಲ. ನೀರು ಸಿಗಲಿಲ್ಲ. “ಅಳತೆ ಕಡಿಮೆ ಬಿತ್ತು ಕಣೋ” ಎಂದು ನಕ್ಕು ಕೈಯೊರೆಸಿಕೊಂಡರು.

ಅಲ್ಲಿಂದ ಮೇಲಕ್ಕೆ ಏರು ಕಡಿದು. ಬಂಡೆಯಲ್ಲೇ ಕೊರೆದ ಮೆಟ್ಟಿಲು, ಹಿಡಿದುಕೊಳ್ಳಲು ಕಬ್ಬಿಣದ ಸರಳು. ಅಣ್ಣ ಅದನ್ನು ಕಣ್ಣಳತೆಯಲ್ಲೇ ಅಳೆದು ನೆರಳಿದ್ದ ಕಡೆ ಕೂತುಬಿಟ್ಟರು.

“ನನ್ನ ಕೈಲಿ ಆಗಲ್ಲ. ನೀನು ಹೋಗಿ ಬಾ.”

“ಬೇಡ ಅಣ್ಣ, ಇಲ್ಲಿಗೇ ಸಾಕು. ಇಬ್ಬರೂ ಇಳಿಯೋಣ.”

“ಇಷ್ಟು ದೂರ ಬಂದು ಯಾಕೆ ಇಳೀತೀಯ? ಹೋಗಿ ಬಾ. ನಾನು ಇಲ್ಲೇ ಇರ್ತೀನಿ.”

ಇನ್ನೊಮ್ಮೆ ಬೇಡವೆನ್ನಬೇಕಾಗಿತ್ತೇನೋ. ಅನ್ನಲಿಲ್ಲ. ನನ್ನ ಕಾಲು ಆಗಲೇ ಮೆಟ್ಟಿಲಿನ ಮೇಲಿತ್ತು. ಹೊರಡುವಾಗ, ಕೂತವರ ಚೀಲವನ್ನು ಕೋತಿ ಕಿತ್ತುಕೊಂಡೀತೆಂದು ಅದನ್ನು ನಾನೇ ಹೆಗಲಿಗೆ ಹಾಕಿಕೊಂಡೆ. ಬಹಳ ಜಾಣತನದ ಕೆಲಸ ಮಾಡಿದೆನೆಂದು ಆಗ ತೋರಿತು.

ತುದಿಯ ಸೊಗಸನ್ನು ಬಣ್ಣಿಸುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 4,500 ಅಡಿ; ಗಾಳಿ ಬೀಸಿ ಬೀಸಿ ಅಂಗಿಯನ್ನು ಗಾಳಿಪಟ ಮಾಡುತ್ತದೆ. ಬಂಡೆಯ ಮೇಲಿನ ಬಸವ, ಸಂಕ್ರಾಂತಿಯ ಬೆಳಗ್ಗೆ ತೀರ್ಥ ಉಕ್ಕುತ್ತದೆಂದು ನಂಬುವ ಕಂಬ, ಎಲ್ಲವನ್ನೂ ನೋಡಿದೆ. ಮೊಬೈಲಿನಲ್ಲಿ ಚಿತ್ರ ತೆಗೆದು, ‘ಶಿವಗಂಗೆ ಏರಿದೆ’ ಎಂದು ಬರೆದು ನಾಲ್ಕಾರು ಸ್ನೇಹಿತರಿಗೆ ಕಳಿಸಿದೆ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ ಕೆಳಗೆ ಹಾರಿದಳೆಂದು ಜನ ತೋರಿಸುವ ಕಡಿದಾದ ಅಂಚಿಗೂ ಹೋದೆ. ಹಾರಿದ್ದು ದಂತಕಥೆ. ಅವಳು 1131ರಲ್ಲಿ ಶಿವಗಂಗೆಯಲ್ಲಿ ಮರಣ ಹೊಂದಿದಳೆಂಬುದಷ್ಟೇ ಶಾಸನದ ಮಾತು. ಆ ಶ್ರವಣಬೆಳಗೊಳದ ಶಾಸನ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ: ಮಗಳು ಹೋದ ಮೇಲೆ ತಾಯಿ ಮಾಚಿಕಬ್ಬೆ ಬೆಳಗೊಳದಲ್ಲಿ ಉಪವಾಸವ್ರತ ಹಿಡಿದು ತಾನೂ ದೇಹಬಿಟ್ಟಳಂತೆ. ಬೆಟ್ಟದ ಮೇಲೆ ನಿಂತವನಿಗೆ ರಾಣಿಯ ನೆನಪಾಗುತ್ತದೆ. ಹಿಂದೆ ಉಳಿದ ತಾಯಿಯ ನೆನಪಾಗುವುದು ಅಪರೂಪ. ನನಗೆ ಅಂದು ಅದು ನೆನಪಿಗೆ ಬಂತು. ಬಂದ ಕೂಡಲೇ ಗಡಿಯಾರ ನೋಡಿಕೊಂಡೆ. ಹೊರಟು ಎರಡು ಗಂಟೆಯ ಮೇಲಾಗಿತ್ತು. ಬಿಸಿಲು ನೆತ್ತಿಗೆ ಬಂದಿತ್ತು.

ಬಾಯಾರಿ, ನೀರಿನ ಸೀಸೆಗೆಂದು ಚೀಲಕ್ಕೆ ಕೈಹಾಕಿದೆ. ಆಗ ಹೊಳೆಯಿತು, ಇದ್ದುದು ಒಂದೇ ಸೀಸೆ ಎಂದು. ಅದರ ಪಕ್ಕದಲ್ಲಿ ಅಣ್ಣನ ರಕ್ತದೊತ್ತಡದ ಮಾತ್ರೆ. ಅದರ ಕೆಳಗೆ ಅಣ್ಣನ ಮೊಬೈಲು.

ಇಳಿದದ್ದು ಹೇಗೆಂದು ಈಗ ನೆನಪಿಲ್ಲ. ಒಳಕಲ್ಲು ತೀರ್ಥದ ಹತ್ತಿರ ಬಂದರೆ, ಅಣ್ಣ ಕೂತಿದ್ದ ಜಾಗದಲ್ಲಿ ಒಂದು ಕೋತಿ ಕೂತಿತ್ತು. ನೆರಳು ಎಂದೋ ಸರಿದುಹೋಗಿತ್ತು. ಕೂಗಿದೆ. ಹತ್ತು ನಿಮಿಷ ಅತ್ತಿತ್ತ ಹುಡುಕಿದೆ. ಆ ಹತ್ತು ನಿಮಿಷಗಳನ್ನು ಯಾರಿಗೂ ಹಾರೈಸಲಾರೆ. ಕೊನೆಗೆ ಸ್ವಲ್ಪ ಕೆಳಗೆ, ಮಜ್ಜಿಗೆ ಮಾರುವ ಒಬ್ಬ ಹೆಂಗಸಿನ ಚಪ್ಪರದಡಿ, ಗೋಣಿಚೀಲದ ಮೇಲೆ ಅಣ್ಣ ಒರಗಿದ್ದರು. ತಲೆಯ ಮೇಲೆ ಒದ್ದೆ ಬಟ್ಟೆ. ತಲೆ ಸುತ್ತಿ ಬಿದ್ದವರನ್ನು ಆಕೆ ಎಬ್ಬಿಸಿ ಕರೆತಂದು, ತಲೆಗೆ ನೀರು ತಟ್ಟಿ, ಮಜ್ಜಿಗೆ ಕುಡಿಸಿದ್ದಳು.

“ಇವ್ರು ನಿಮಗೇನಾಗ್ಬೇಕು ಸ್ವಾಮಿ?” ಎಂದಳು.

“ಅಣ್ಣ.”

“ಒಡಹುಟ್ಟಿದೋರ್ನ ಹಿಂಗಾ ಬಿಟ್ಟೋಗೋದು, ಒಂದು ತೊಟ್ಟು ನೀರೂ ಕೊಡ್ದೆ?”

ಅಣ್ಣ ಒಡನೆಯೇ, “ಇಲ್ಲಮ್ಮ, ನಾನೇ ಕಳಿಸಿದ್ದು” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಮೇಲೆ ಗಾಳಿ ಚೆನ್ನಾಗಿತ್ತೇನೋ?” ಎಂದು ಕೇಳಿದರು.

ನಡೆದದ್ದು ಇಷ್ಟೇ. ಸಂಜೆಯ ಹೊತ್ತಿಗೆ ಕ್ಷೇಮವಾಗಿ ಮನೆ ಸೇರಿದೆವು. ಆದರೆ ಆ ಹೆಂಗಸಿನ ಪ್ರಶ್ನೆ ಮತ್ತು ಅಣ್ಣನ ಉತ್ತರ ಎರಡೂ ನನ್ನ ಜೊತೆ ಚಿಕ್ಕಪೇಟೆಗೆ ಬಂದವು. ‘ನಾನೇ ಕಳಿಸಿದ್ದು.’ ಹಿಂದೆ ಉಳಿದವನೇ ಹೋಗು ಎಂದ ಮೇಲೆ, ಹೋದವನ ಮೇಲೆ ತಪ್ಪು ಉಂಟೆ? ಅಪ್ಪಣೆ ಸಿಕ್ಕಿದ ಮಾತ್ರಕ್ಕೆ ಋಣ ತೀರಿತೆ?

ಚಾಮರಾಜಪೇಟೆಯಲ್ಲಿ ನನ್ನ ಸ್ನೇಹಿತರೊಬ್ಬರಿದ್ದಾರೆ. ಬಹುಕಾಲ ವಕೀಲಿ ಮಾಡಿದವರು. ಅವರ ಮುಂದೆ ಈ ಪ್ರಶ್ನೆ ಇಟ್ಟೆ. “ವಯಸ್ಸಾದವರು, ಬುದ್ಧಿ ನೆಟ್ಟಗಿರುವವರು, ತಾವಾಗಿ ಒಪ್ಪಿಗೆ ಕೊಟ್ಟರು. ನೀರು ಮರೆತದ್ದು ಅಜಾಗರೂಕತೆ, ಅಷ್ಟೇ. ಹೋದದ್ದು ತಪ್ಪಲ್ಲ” ಎಂದು ತೀರ್ಪು ಕೊಟ್ಟರು. ನ್ಯಾಯಾಲಯಕ್ಕೆ ಇದು ಸಾಕು. ನನಗೆ ಸಾಲಲಿಲ್ಲ. ಏಕೆಂದರೆ ಅಣ್ಣನಿಗೆ ‘ನೀನು ಹೋಗಿ ಬಾ’ ಎನ್ನುವುದು ಐವತ್ತು ವರ್ಷಗಳ ಅಭ್ಯಾಸ. ಬೇಡ, ನನ್ನ ಜೊತೆ ಇರು ಎಂದು ಕೇಳುವುದನ್ನು ಅವರು ಹದಿನೆಂಟನೆಯ ವಯಸ್ಸಿನಲ್ಲೇ ಮರೆತಿದ್ದಾರೆ. ಇಲ್ಲವೆನ್ನಲು ಬಾರದವನ ‘ಹೂಂ’ ಅನ್ನು ಒಪ್ಪಿಗೆಯೆಂದು ಲೆಕ್ಕಕ್ಕೆ ಹಿಡಿಯಬಹುದೆ? ಪ್ರತಿಯೊಂದು ಮನೆಯಲ್ಲಿಯೂ ಇಂಥವರು ಒಬ್ಬರಿರುತ್ತಾರೆ. ಒಬ್ಬ ತಾಯಿ, ಒಬ್ಬ ಅಕ್ಕ, ಒಬ್ಬ ಅಣ್ಣ. ಅವರ ಅಪ್ಪಣೆ ಎಷ್ಟು ಸುಲಭವಾಗಿ ಸಿಗುತ್ತದೆಯೆಂದರೆ, ಅದಕ್ಕೆ ಬೆಲೆ ಇದೆಯೆಂಬುದೇ ನಮಗೆ ಮರೆತುಹೋಗುತ್ತದೆ.

ಜಪಾನೀಯರಲ್ಲಿ ಒಂದು ಹಳೆಯ ಕಥೆಯಿದೆ. ಬಡ ಊರಿನಲ್ಲಿ ಮುದುಕರನ್ನು ಬೆಟ್ಟಕ್ಕೆ ಹೊತ್ತುಕೊಂಡು ಹೋಗಿ ಬಿಟ್ಟುಬರುವ ಪದ್ಧತಿ. ಮಗನೊಬ್ಬ ತಾಯಿಯನ್ನು ಬೆನ್ನ ಮೇಲೆ ಹೊತ್ತು ಕಾಡಿನ ದಾರಿಯಲ್ಲಿ ಏರುತ್ತಾನೆ. ಅವಳು ದಾರಿಯುದ್ದಕ್ಕೂ ಗಿಡಗಳ ಕಡ್ಡಿ ಮುರಿದು ಮುರಿದು ಹಾಕುತ್ತಾಳೆ. ಏಕೆಂದು ಕೇಳಿದರೆ, “ನೀನು ವಾಪಸು ಹೋಗುವಾಗ ದಾರಿ ತಪ್ಪಬಾರದಲ್ಲ” ಎನ್ನುತ್ತಾಳೆ. ಮಗ ಅವಳನ್ನು ಬಿಡಲಾರದೆ ಹೊತ್ತುಕೊಂಡೇ ಮನೆಗೆ ಮರಳಿದನೆಂದು ಕಥೆ ಹೇಳುವವರೂ ಉಂಟು. ಅವಳು ಕೊಟ್ಟ ಅಪ್ಪಣೆಯೇ ಅವನನ್ನು ಹೋಗಗೊಡಲಿಲ್ಲ. ನಿಜವಾದ ಪ್ರೀತಿಯಿಂದ ಬಂದ ‘ಹೋಗು’ ಎಂಬ ಮಾತಿಗೆ ಈ ಶಕ್ತಿ ಇದೆ. ಕೇಳುವವನಿಗೆ ಕಿವಿ ಇರಬೇಕು.

ಇದು ಕಥೆ, ಬದುಕಿನಲ್ಲಿ ಹೀಗಾಗುತ್ತದೆಯೆ ಎಂದು ಯಾರಾದರೂ ಕೇಳಬಹುದು. 2006ರ ಮೇ ತಿಂಗಳಲ್ಲಿ ಎವರೆಸ್ಟಿನಲ್ಲಿ ನಡೆದ ಎರಡು ಸಂಗತಿಗಳನ್ನು ನೋಡಿ. ಡೇವಿಡ್ ಶಾರ್ಪ್ ಎಂಬ ಆಂಗ್ಲ ಆರೋಹಿ ಸುಮಾರು 8,500 ಮೀಟರ್ ಎತ್ತರದಲ್ಲಿ, ಬಂಡೆಯ ಮರೆಯಲ್ಲಿ ಚಳಿಗೆ ಮರಗಟ್ಟಿ ಸಾಯುತ್ತಿದ್ದ. ಆ ದಾರಿಯಲ್ಲಿ ಅಂದು ಹತ್ತಾರು ಮಂದಿ ಹಾದುಹೋದರು. ಕೆಲವರು ನೋಡಲಿಲ್ಲ, ಕೆಲವರು ಸತ್ತಿದ್ದಾನೆಂದುಕೊಂಡರು, ಇಳಿಯುವಾಗ ಒಂದಿಬ್ಬರು ಸಹಾಯಕ್ಕೆ ಯತ್ನಿಸಿದರು. ಅವನು ಉಳಿಯಲಿಲ್ಲ. 1953ರಲ್ಲಿ ತೇನ್‌ಸಿಂಗನೊಡನೆ ಮೊದಲು ಆ ಶಿಖರ ಮುಟ್ಟಿದ ಹಿಲರಿ ಈ ಸುದ್ದಿ ಕೇಳಿ ಬಹಿರಂಗವಾಗಿಯೇ ಸಿಡಿಮಿಡಿಗೊಂಡ. ಅದೇ ತಿಂಗಳ 26ರಂದು ಡ್ಯಾನ್ ಮಜೂರ್ ಎಂಬವನ ತಂಡ ಅದೇ ಬೆಟ್ಟದಲ್ಲಿ, ತುದಿ ಇನ್ನು ಕೆಲವೇ ಗಂಟೆಗಳ ದಾರಿ ಎನ್ನುವಾಗ, ಲಿಂಕನ್ ಹಾಲ್ ಎಂಬ ಆಸ್ಟ್ರೇಲಿಯದವನನ್ನು ಕಂಡಿತು. ಹಿಂದಿನ ದಿನ ಜೊತೆಯವರು ಅವನು ಸತ್ತನೆಂದು ಬಿಟ್ಟುಹೋಗಿದ್ದರು. ಮಜೂರನ ತಂಡ ಅಲ್ಲೇ ನಿಂತಿತು. ತುದಿಯ ಆಸೆ ಬಿಟ್ಟಿತು. ಹಾಲ್ ಬದುಕಿಕೊಂಡ. ಬೆಟ್ಟ ಒಂದೇ, ತಿಂಗಳು ಒಂದೇ. ಮೊದಲನೆಯವನನ್ನೂ ಉಳಿಸಬಹುದಾಗಿತ್ತೆಂದು ಹೇಳಲು ನಾನು ಯಾರು? ನೆರಳಿನ ಬೆಟ್ಟದಲ್ಲಿ ನೀರು ಕೊಡಲು ಮರೆತವನು ಎವರೆಸ್ಟಿನವರಿಗೆ ತೀರ್ಪು ಕೊಡಬಾರದು. ಆದರೆ ಕಾಲು ಮೇಲಕ್ಕೆ ಎಳೆಯುವಾಗ ಕಣ್ಣು ಪಕ್ಕದವನನ್ನು ಕಾಣದೆ ಹೋಗುತ್ತದೆ ಎಂಬುದನ್ನು ನಾನೂ ಬಲ್ಲೆ.

ಇಲ್ಲಿ ನಮ್ಮ ಧರ್ಮರಾಯನ ಮಾತು ಬರಬೇಕು. ಮಹಾಪ್ರಸ್ಥಾನದಲ್ಲಿ ಪಾಂಡವರು ಹಿಮಾಲಯವನ್ನು ಏರುತ್ತಿದ್ದಾಗ ಮೊದಲು ದ್ರೌಪದಿ ಬಿದ್ದಳು. ಆಮೇಲೆ ಸಹದೇವ, ನಕುಲ, ಅರ್ಜುನ, ಕೊನೆಗೆ ಭೀಮ. ಧರ್ಮರಾಯ ಒಬ್ಬರಿಗಾಗಿಯೂ ನಿಲ್ಲಲಿಲ್ಲ, ಹಿಂತಿರುಗಿಯೂ ನೋಡಲಿಲ್ಲ. ಭೀಮ ಕೇಳಿದಾಗಲೆಲ್ಲ ಬಿದ್ದವರ ದೋಷ ಇಂಥದ್ದೆಂದು ಹೇಳುತ್ತ ನಡೆದ. ಅದೇ ಧರ್ಮರಾಯ, ಸ್ವರ್ಗದ ರಥ ಬಂದಾಗ, ಜೊತೆಗೆ ಬಂದ ನಾಯಿಯನ್ನು ಬಿಟ್ಟು ಹತ್ತುವುದಿಲ್ಲವೆಂದ! ಹುಡುಗನಾಗಿದ್ದಾಗಿನಿಂದ ಇದು ನನಗೆ ಒಗಟು. ನಾಯಿಗೆ ತೋರಿದ ದಯೆ ಹೆಂಡತಿಗೂ ತಮ್ಮಂದಿರಿಗೂ ಏಕಿಲ್ಲ?

ಶಿವಗಂಗೆಯಿಂದ ಬಂದ ಮೇಲೆ ಅದಕ್ಕೊಂದು ಸಮಾಧಾನ ಹೊಳೆಯಿತು. ಪಂಡಿತರು ಒಪ್ಪುತ್ತಾರೋ ಇಲ್ಲವೋ. ಅವರದು ಮಹಾಪ್ರಸ್ಥಾನ, ಅಂದರೆ ತಿರುಗಿ ಬಾರದ ಹೊರಡುವಿಕೆ. ಅಲ್ಲಿ ಎಲ್ಲರೂ ಎಲ್ಲವನ್ನೂ ಬಿಟ್ಟೇ ಹೊರಟವರು. ನಮ್ಮಂಥ ಸಂಸಾರಿಗಳದು ಸಂಜೆಗೆ ಮನೆ ಸೇರುವ ಪ್ರಯಾಣ. ಕನ್ನಡದಲ್ಲಿ ನಾವು ಯಾರಿಗೂ ಬರಿದೆ ‘ಹೋಗು’ ಎನ್ನುವುದಿಲ್ಲ, ಅದು ಬೈಗುಳ. ‘ಹೋಗುತ್ತೇನೆ’ ಎಂದು ಹೊರಟರೆ ಮನೆಯ ಹಿರಿಯರು, ‘ಹೋಗಿ ಬರ್ತೀನಿ ಅನ್ನು’ ಎಂದು ತಿದ್ದುತ್ತಾರೆ. ಅಣ್ಣ ನನಗೆ ಎರಡು ಸಲವೂ ಕೊಟ್ಟ ಅಪ್ಪಣೆಯಲ್ಲಿ ಎರಡು ಕ್ರಿಯಾಪದಗಳಿದ್ದವು. ನಾನು ಒಂದನ್ನು ಮಾತ್ರ ಕೇಳಿಸಿಕೊಂಡೆ. ಹೋಗುವುದಕ್ಕೆ ಸ್ವಾತಂತ್ರ್ಯವಿತ್ತು, ಬರುವುದು ಕರಾರಾಗಿತ್ತು. ಬರುವುದೆಂದರೆ ದೇಹ ಬರುವುದಷ್ಟೇ ಅಲ್ಲ. ಉಳಿದವನ ಹೊತ್ತು, ಬಾಯಾರಿಕೆ, ಸರಿಯುತ್ತಿರುವ ಅವನ ನೆರಳು, ಇವೆಲ್ಲ ಮನಸ್ಸಿನಲ್ಲಿದ್ದುಕೊಂಡು ಬರುವುದು.

ಧರ್ಮರಾಯನ ಕಥೆಯೂ ನಾಯಿಯಲ್ಲಿಗೆ ಮುಗಿಯುವುದಿಲ್ಲ. ಸ್ವರ್ಗಕ್ಕೆ ಹೋದರೆ ಅಲ್ಲಿ ದುರ್ಯೋಧನ ಕೂತಿದ್ದಾನೆ, ತಮ್ಮಂದಿರಿಲ್ಲ. ನನ್ನವರೆಲ್ಲಿ ಎಂದು ಕೇಳಿದಾಗ ಕತ್ತಲೆಯ, ದುರ್ಗಂಧದ ದಾರಿಯಲ್ಲಿ ಕರೆದೊಯ್ಯುತ್ತಾರೆ. ಹಿಂದಿರುಗಬೇಕೆನ್ನುವಾಗ ಕತ್ತಲೆಯಿಂದ ದನಿಗಳು ಬರುತ್ತವೆ: ಇನ್ನೊಂದು ಗಳಿಗೆ ನಿಲ್ಲು, ನಿನ್ನ ಮೈಮೇಲಿಂದ ಬರುವ ಗಾಳಿ ನಮಗೆ ಹಿತವಾಗಿದೆ ಎಂದು. ಅವು ತನ್ನವರ ದನಿಗಳೆಂದು ತಿಳಿದ ಮೇಲೆ ಅವನು ಸ್ವರ್ಗ ಬೇಡವೆಂದು ಅಲ್ಲಿಯೇ ನಿಂತುಬಿಡುತ್ತಾನೆ. ಬೆಟ್ಟದಲ್ಲಿ ಹಿಂತಿರುಗಿ ನೋಡದವನು ಅಲ್ಲಿ ಹಿಂತಿರುಗಿದ. ಆ ಘಟ್ಟವನ್ನು ಓದಿದಾಗಲೆಲ್ಲ, ‘ಮೇಲೆ ಗಾಳಿ ಚೆನ್ನಾಗಿತ್ತೇನೋ?’ ಎಂಬ ಮಾತು ಈಗ ನನಗೆ ಕೇಳಿಸುತ್ತದೆ.

ಹಾಗಾದರೆ ಏರಲೇಬಾರದೆ? ಕುಂಟುವವನು ನಿಂತರೆ ಎಲ್ಲರೂ ನಿಲ್ಲಬೇಕೆ? ಹಾಗೆಂದು ನಾನು ಹೇಳಲಾರೆ. 1986ರಲ್ಲಿ ನಾನು ಮೈಸೂರಿಗೆ ಹೋಗದೆ ಗಾದಿಯ ಮೇಲೆ ಅಣ್ಣನ ಪಕ್ಕ ಕೂತಿದ್ದರೆ, ಅವರ ತ್ಯಾಗವೇ ವ್ಯರ್ಥವಾಗುತ್ತಿತ್ತು. ಅವರಿಗೆ ನಿಜವಾಗಿಯೂ ಮೇಲಿನ ಗಾಳಿಯ ಸುದ್ದಿ ಬೇಕಾಗಿತ್ತು. ಒಬ್ಬನಾದರೂ ಹೋಗಿ ನೋಡಿ ಬಂದು ಹೇಳಲಿ ಎಂಬ ಆಸೆ ಉಳಿದವನಿಗೂ ಇರುತ್ತದೆ. ಅದನ್ನು ನಿರಾಕರಿಸುವುದೂ ಒಂದು ಬಗೆಯ ಅವಮಾನ. ಆದ್ದರಿಂದ ಧರ್ಮದ ಪ್ರಶ್ನೆ ಹೋಗುವುದೋ ನಿಲ್ಲುವುದೋ ಎಂಬುದಲ್ಲ. ಹೋಗುವ ಮುನ್ನ ನೀರಿನ ಸೀಸೆ ಯಾರ ಹತ್ತಿರ ಉಳಿಯಿತು ಎಂಬುದು. ಹೊತ್ತಿಗೆ ಸರಿಯಾಗಿ ಇಳಿದೆವೆ ಎಂಬುದು. ‘ಏರಿದೆ’ ಎಂದು ಬರೆಯುವ ಕಡೆ ‘ಏರಿದೆವು’ ಎಂದು ಬರೆಯಲು ಮನಸ್ಸು ಬಂತೆ ಎಂಬುದು. ಬಹಳ ಸಣ್ಣ ವಿಚಾರಗಳು. ಆದರೆ ನನ್ನಂಥವರು ತಪ್ಪುವುದು ಇಂಥ ಸಣ್ಣ ವಿಚಾರಗಳಲ್ಲೇ. ದೊಡ್ಡ ಪಾಪಗಳಿಗೆ ನಮಗೆ ಧೈರ್ಯವೂ ಸಾಲದು.

ಒಳಕಲ್ಲು ತೀರ್ಥದ ಪರೀಕ್ಷೆಯ ವಿಚಾರವನ್ನು ಮಾತ್ರ ನಾನು ಈಗ ಬಿಟ್ಟಿದ್ದೇನೆ. ನೀರು ಸಿಕ್ಕವನು ಅಣ್ಣನನ್ನು ಬಾಯಾರಿಸಿ ಹೋದ. ನೀರು ಸಿಗದವರು ಹೋಗಿ ಬಾ ಎಂದರು. ತೋಳಿನ ಉದ್ದ ಅಳೆಯುವುದಕ್ಕೆ ಆ ಕುಳಿ ಸಾಕು. ಪುಣ್ಯ ಅಳೆಯುವುದಕ್ಕೆ ಬೇರೆ ಗಜಕಡ್ಡಿ ಬೇಕು.

ಮೊನ್ನೆ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅಣ್ಣನನ್ನು ಕೇಳಿದೆ: “ಅವತ್ತು ಎರಡು ಗಂಟೆ ಒಬ್ಬರೇ ಕೂತಿದ್ದಿರಲ್ಲ, ಏನು ಯೋಚನೆ ಮಾಡ್ತಿದ್ದಿರಿ?”

“ಯೋಚನೆ ಏನು ಬಂತು? ಹತ್ತೋರನ್ನೂ ಇಳಿಯೋರನ್ನೂ ಎಣಿಸ್ತಾ ಇದ್ದೆ. ಹೊತ್ತು ಹೋಗಬೇಕಲ್ಲ. ನಿನ್ನ ಜೊತೆ ಹತ್ತಿದೋರೆಲ್ಲ ಇಳಿದರು. ನೀನೊಬ್ಬ ಬಾಕಿ ಇದ್ದೆ.”

ಹೀಗೆಂದು ಅಂದಿನ ಲೆಕ್ಕ ಬರೆಯಲು ಖಾತೆ ಪುಸ್ತಕ ಎಳೆದುಕೊಂಡರು. ಬರುವ ಮಾಘಮಾಸದಲ್ಲಿ ಮತ್ತೆ ಶಿವಗಂಗೆಗೆ ಹೋಗಬೇಕೆಂದಿದ್ದೇವೆ. ಗಂಗಾಧರೇಶ್ವರನ ಗುಡಿಯವರೆಗೆ ಹೋಗಿ, ಇಬ್ಬರೂ ಇಳಿದು ಬರುತ್ತೇವೆ. ಎರಡು ಸೀಸೆ ನೀರು ತೆಗೆದುಕೊಂಡು ಹೋಗುತ್ತೇವೆ.